ಭಾವ, ಮೈಲುತುತ್ತ ಕರಗಿಸೋ ಮುಂಚೆ ಒಂದು ಫೋನ್ ಮಾಡಿ

ಭಾವ, ನಿನ್ನೆ ರಾತ್ರಿ ನೀವು ಕೇಳಿದ್ದನ್ನು ಈಗಷ್ಟೇ ನೋಡಿದೆ. ಕರೆಂಟಿಲ್ಲ, ನೆಟ್ ಬಂದು ಬಂದು ಹೋಗುತ್ತಿದೆ, ನಾಳೆ ಮಳೆ ಬಿಟ್ಟು ಹೊಳವಾಗುತ್ತಾ, ಅಡಿಕೆ ತೋಟಕ್ಕೆ ಕೊಳೆರೋಗ ಬರದ ಹಾಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ಮದ್ದು ಹೊಡೆಸಲಾ ಅಂತ ಅಲ್ವಾ? ಕೊಪ್ಪದಲ್ಲಿ ಕೂತು ನಾನು ಹೇಳಿದರೆ ಅದು ಕಣಿ ಹೇಳಿದ ಹಾಗೆ. ಸುಮ್ನೆ ವರುಣಮಿತ್ರಕ್ಕೆ ಫೋನ್ ಮಾಡಿ. 92433 45433. ಯಲಹಂಕದಲ್ಲಿರೋ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತು. ನೆಟ್ ಬೇಡ, ಅಕ್ಕನ ಕೀಪ್ಯಾಡ್ ಫೋನ್ ಸಾಕು. ಕೊಟ್ಟಿಗೆ ಹಿಂದೆ ನೇರಳೆ ಮರದ ಹತ್ತಿರ ಎರಡು ಕಡ್ಡಿ ಸಿಗ್ನಲ್ ಬರುತ್ತಲ್ಲ, ಕೊಡೆ ಹಿಡಿದು ಅಲ್ಲಿಗೆ ಹೋಗಿ.

ಆದರೆ ಕೇಳೋದಕ್ಕೂ ಒಂದು ಕ್ರಮ ಇದೆ. ಮೊದಲ ಸಲ ನಾನು, "ನಾಳೆ ಮಳೆ ಇದೆಯಾ?" ಅಂದುಬಿಟ್ಟೆ. ಜುಲೈ ತಿಂಗಳು, ಮಲೆನಾಡು. "ಇದೆ ಸರ್" ಅಂದರು. ಪಾಪ, ಇನ್ನೇನು ಹೇಳುತ್ತಾರೆ! ಆಮೇಲೆ ಬುದ್ಧಿ ಬಂತು. ಹೋಬಳಿ, ಪಂಚಾಯ್ತಿ ಹೆಸರು ಹೇಳಿ, ಎಷ್ಟು ಮಿಲಿಮೀಟರ್ ಬರಬಹುದು, ಯಾವ ದಿನ ಕಡಿಮೆ ಅಂತ ಕೇಳಿದೆ. ಆಗ ಕೆಲಸಕ್ಕೆ ಬರೋ ಉತ್ತರ ಸಿಕ್ಕಿತು. ನೀವೂ ಬರೀ ತೀರ್ಥಹಳ್ಳಿ ಅನ್ನಬೇಡಿ. ಆಗುಂಬೆ ಘಾಟಿ ಅಂಚಲ್ಲಿ ಸುರಿಯೋದಕ್ಕೂ ನಿಮ್ಮ ಮಂಡಗದ್ದೆ ಮಳೆಗೂ ಎಲ್ಲಿಂದೆಲ್ಲಿಗೆ! ಪಂಚಾಯ್ತಿಗಳಲ್ಲಿ ಅವರ ಮಳೆಮಾಪಕ ಇದೆ, 15 ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. ಹಾಗಾಗಿ ಇವತ್ತು ಬಿದ್ದದ್ದು ಎಷ್ಟು ಅಂತಲೂ ಕೇಳಿ.

ಗ್ರೂಪಿಗೆ ಬರೋ ಆರೆಂಜ್ ಅಲರ್ಟ್ ಇಡೀ ಜಿಲ್ಲೆಗೆ ಸೇರಿಸಿ ಕೊಟ್ಟಿದ್ದು. ಅದನ್ನು ನೋಡಿ ಮದ್ದಿನ ದಿನ ಗೊತ್ತು ಮಾಡೋಕಾಗಲ್ಲ. ಇನ್ನೊಂದು, ಹವಾಮಾನ ಇಲಾಖೆಯವರ ಭಾಷೆಯಲ್ಲಿ "ಭಾರಿ ಮಳೆ" ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್. ನಮ್ಮಲ್ಲಿ ಅಷ್ಟಕ್ಕೆ ಯಾರೂ ಭಾರಿ ಅನ್ನಲ್ಲ, ಅದು ಬೇರೆ ವಿಷಯ. ಅದಕ್ಕೇ ಅಂಕಿಯನ್ನೇ ಕೇಳಿ, ಕ್ಯಾಲೆಂಡರಲ್ಲಿ ಬರೆದಿಡಿ.

ಮದ್ದಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಅವತ್ತೇ ಹೊಡೆದು ಮುಗಿಸಬೇಕು. ಹೋದ ವರ್ಷ ನಾನು ಬಿಸಿಲು ಕಂಡಿತು ಅಂತ ಬೆಳಿಗ್ಗೆ ಎರಡು ಡ್ರಮ್ ಬೆರೆಸಿಟ್ಟೆ. ಮರ ಹತ್ತಿ ಮದ್ದು ಹೊಡೆಯೋ ಕೊನೆಗಾರ ನಾಲ್ಕನೇ ಮರ ಹತ್ತಿದ್ದ, ಗುಡ್ಡದ ಕಡೆಯಿಂದ ಮಳೆ ಸದ್ದು ಮಾಡಿಕೊಂಡು ಬಂತು ನೋಡಿ. ಅಷ್ಟೂ ನೀಲಿ ನೀರು ತೋಟದ ನೀರು ಹರಿಯೋ ಕಾದಿಗೆಗೆ ಹೋಯಿತು.

ಅಂದಹಾಗೆ, ಧರೆ ಕುಸಿದರೆ, ದಾರಿಗೆ ಮರ ಬಿದ್ದರೆ ವರುಣಮಿತ್ರಕ್ಕಲ್ಲ, 1077ಕ್ಕೆ ಮಾಡಿ. ಅದು ಜಿಲ್ಲೆಯ ಕಂಟ್ರೋಲ್ ರೂಮು.

ವರುಣಮಿತ್ರದವರು ಏನಂದರು ಅಂತ ಇಲ್ಲೇ ಹಾಕಿ ಭಾವ. ಕೊನೆಗಾರ ನಮ್ಮಿಬ್ಬರಿಗೂ ಒಬ್ಬನೇ, ನಾಡಿದ್ದು ಯಾರ ತೋಟ ಅಂತ ಅವನಿಗೆ ಸಂಜೆಯೊಳಗೆ ಹೇಳಬೇಕಂತೆ.