ಪಿಕಪ್‌ಗೆ ಬೋಟ್ ಟ್ರೇಲರ್ ಕಟ್ಕೊಂಡು ಮಂಗಳೂರಿಂದ ಬೆಂಗಳೂರಿಗೆ: ಎಳೆದು ಗೊತ್ತಿರೋರು ಸ್ವಲ್ಪ ಹೇಳಿ

ಕೇಳ್ತಿರೋದು: ಆರ್.ಟಿ. ನಗರದಿಂದ

ಎಲ್ರಿಗೂ ನಮಸ್ಕಾರ. ಮಂಗಳೂರಲ್ಲಿ ಒಬ್ರ ಹತ್ರ ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ನೋಡಿ ಅಡ್ವಾನ್ಸ್ ಕೊಟ್ಟಿದೀನಿ. 16 ಅಡಿ, ಹಿಂದೆ ಹೊರಗಡೆ ಕೂರೋ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಜೊತೆಗೆ ಸಿಂಗಲ್ ಆಕ್ಸಲ್ ಟ್ರೇಲರ್, ಅದಕ್ಕೆ ಬ್ರೇಕ್ ಇಲ್ಲ. ನನ್ನ ಗಾಡಿ ಇಸುಜು ವಿ-ಕ್ರಾಸ್ ಫೋರ್ ಬೈ ಫೋರ್. ಶಿರಾಡಿ ಘಾಟಿ ಹತ್ತಿಸಿ ತರಬೇಕು, ಆಮೇಲೆ ವೀಕೆಂಡಲ್ಲಿ ಕೆಆರ್‌ಎಸ್ ಹಿನ್ನೀರಿಗೆ ತಗೊಂಡೋಗೋ ಆಸೆ. ಇಲ್ಲಿವರೆಗೂ ಏನೂ ಎಳೆದು ಅಭ್ಯಾಸ ಇಲ್ಲ. ಗಾಡಿ ಪವರ್ ಸಾಕಾ? ಹಿಚ್ (ಗಾಡಿ ಹಿಂದೆ ಟ್ರೇಲರ್ ಸಿಕ್ಕಿಸೋ ಕೊಂಡಿ) ಎಲ್ಲಿ ಹಾಕಿಸ್ಲಿ?

ಪೀಣ್ಯ ಸೆಕೆಂಡ್ ಸ್ಟೇಜ್

ಪವರ್ ಬಗ್ಗೆ ತಲೆ ಕೆಡಿಸ್ಕೋಬೇಡಿ ಸರ್, ಅದು ಕೊನೇ ಪ್ರಶ್ನೆ. ಬೋಟು ಎಂಜಿನ್ ಟ್ರೇಲರ್ ಎಲ್ಲಾ ಸೇರಿ ಎಂಟುನೂರು ಒಂಬೈನೂರು ಕೆಜಿ ಆಸುಪಾಸು ಬರುತ್ತೆ, ಅದನ್ನ ವಿ-ಕ್ರಾಸ್ ಎಳೆಯುತ್ತೆ. ನಿಲ್ಸೋದು ಮತ್ತೆ ನೇರವಾಗಿ ಓಡಿಸೋದು ಬೇರೆ ಮಾತು, ಅದನ್ನ ತೀರ್ಮಾನ ಮಾಡೋದು ಹಿಚ್ ಮೇಲೆ ಎಷ್ಟು ಭಾರ ಕೂತಿದೆ ಅನ್ನೋದು. ಟ್ರೇಲರ್ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತು ಪಾಲು ಮೂತಿ ಮೇಲೆ, ಅಂದ್ರೆ ಹಿಚ್ಚಿಗೆ ಸಿಕ್ಕೋ ಟ್ರೇಲರಿನ ಮುಂದಿನ ತುದಿ ಮೇಲೆ ಇರ್ಲಿ, ಅಂದ್ರೆ 850 ಕೆಜಿ ಇದ್ರೆ 85 ಕೆಜಿ. ನಿಮ್ಮ ಎಂಜಿನ್ ಪೂರ್ತಿ ಹಿಂದೆ ನೇತಾಡ್ತಿರುತ್ತೆ, 40 ಎಚ್‌ಪಿ ಫೋರ್ ಸ್ಟ್ರೋಕ್ ಅಂದ್ರೆ ಅದೊಂದೇ ನೂರು ಕೆಜಿ ಹತ್ರ, ಹಾಗಾಗಿ ಬೋಟ್ ಟ್ರೇಲರಲ್ಲಿ ಮೂತಿ ಹಗುರ ಆಗೋದೇ ಜಾಸ್ತಿ. ಮೂತಿ ಹಗುರ ಆದ್ರೆ ಟ್ರೇಲರ್ ಬಾಲ ಅಲ್ಲಾಡ್ಸೋಕೆ ಶುರು ಮಾಡುತ್ತೆ, ಅರವತ್ತರಲ್ಲಿ ಏನೂ ಗೊತ್ತಾಗಲ್ಲ, ಎಂಬತ್ತು ದಾಟಿ ಇಳಿಜಾರು ಬಂತಾ ಅಥವಾ ಪಕ್ಕದಲ್ಲಿ ಒಂದು ಕೆಎಸ್ಸಾರ್ಟಿಸಿ ರೊಯ್ಯಂತ ಹೋಯ್ತಾ, ಆಗ ಇಡೀ ಪಿಕಪ್ಪನ್ನೇ ಹಿಡಿದು ಅಲ್ಲಾಡ್ಸುತ್ತೆ. ಹಂಗಾದಾಗ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿ ಸರಿಮಾಡೋಕೂ ಹೋಗ್ಬೇಡಿ. ಆಕ್ಸಿಲೇಟರ್ ಬಿಡಿ, ನೇರವಾಗಿ ಹಿಡ್ಕೊಳಿ, ತಾನಾಗೇ ಸ್ಪೀಡ್ ಇಳೀಲಿ.

ಹಾಗಂತ ಮುಂದಕ್ಕೆ ತುಂಬಾ ಭಾರ ಹಾಕಿದ್ರೂ ತಪ್ಪೇ, ಪಿಕಪ್ ಹಿಂಭಾಗ ಕುಸಿದು ಮುಂದಿನ ಟೈರಿಗೆ ಗ್ರಿಪ್ ಕಮ್ಮಿ ಆಗುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ.

ಅಳೆಯೋದು ಹೇಗೆ ಅಂದ್ರೆ, ಒಟ್ಟು ತೂಕಕ್ಕೆ ಯಾವುದಾದ್ರೂ ವೇ ಬ್ರಿಡ್ಜ್ ಸಾಕು, ಟ್ರೇಲರ್ ಬಿಚ್ಚಿ ಅದೊಂದನ್ನೇ ನಿಲ್ಲಿಸಿ ಚೀಟಿ ತಗೊಳಿ. ಮೂತಿ ತೂಕಕ್ಕೆ ಮಾತ್ರ ವೇ ಬ್ರಿಡ್ಜ್ ನಂಬಬೇಡಿ, ಅದು ಲಾರಿಗೆ ಮಾಡಿರೋದು, ಹತ್ತಿಪ್ಪತ್ತು ಕೆಜಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮನೇಲಿ ಮೈತೂಕ ನೋಡೋ ಮಿಷನ್ ಇರುತ್ತಲ್ಲ, ಅದರ ಮೇಲೊಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕಪ್ಲರ್ (ಹಿಚ್ಚಿನ ಗುಂಡು, ಅಂದ್ರೆ ಬಾಲ್, ಮೇಲೆ ಕೂರೋ ಮೂತಿಯ ಬಾಯಿ) ಇಳಿಸಿ. ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟಿರ್ಬೇಕು, ಟ್ರೇಲರ್ ನೆಲಕ್ಕೆ ಸಮ ಇರ್ಬೇಕು, ಮರದ ತುಂಡು ಹಿಚ್ ಬಾಲ್ ಎತ್ತರಕ್ಕೇ ಬರಬೇಕು. 40 ತೋರಿಸ್ತಾ? ಬ್ಯಾಟರಿ, ಲಂಗರು ಎಲ್ಲಾ ಬೋಟಿನ ಮುಂಭಾಗಕ್ಕೆ ಹಾಕಿ, ಸಾಲದಿದ್ರೆ ಟ್ರೇಲರ್ ಮುಂದೆ ಬೋಟ್ ಎಳೆಯೋ ರಾಟೆ (ವಿಂಚ್) ಇರೋ ಕಂಬದ ಯು-ಬೋಲ್ಟ್ ಸಡಿಲ ಮಾಡಿ ಬೋಟನ್ನೇ ಸ್ವಲ್ಪ ಮುಂದಕ್ಕೆ ತನ್ನಿ, ಆದ್ರೆ ಎಂಜಿನ್ ಕೂತಿರೋ ಹಿಂದಿನ ಹಲಗೆ ಕೆಳಗೆ ಆಸರೆ ತಪ್ಪದಂಗೆ ನೋಡ್ಕೊಳಿ.

ಹಿಚ್ ವಿಷಯ. ಜೆ.ಸಿ. ರೋಡಲ್ಲಿ ಕೇಳಿದ್ರೆ ಅರ್ಧ ಗಂಟೇಲಿ ಬಂಪರಿಗೆ ಒಂದು ಪ್ಲೇಟ್ ವೆಲ್ಡ್ ಮಾಡಿ ಬಾಲ್ ಕೂರಿಸಿಕೊಡೋರು ಸಿಗ್ತಾರೆ, ಆ ಕೆಲಸ ಬೇಡ. ಹಿಚ್ ಚಾಸಿಗೆ ಎರಡೂ ಕಡೆ ಹೈ ಟೆನ್ಸೈಲ್ ಬೋಲ್ಟಲ್ಲಿ ಕೂರಬೇಕು, ಬೋಲ್ಟ್ ತಲೆ ಮೇಲೆ 8.8 ಅಥವಾ 10.9 ಅಂತ ಕೆತ್ತಿರುತ್ತೆ ನೋಡಿ ತಗೊಳಿ. ಬಾಲ್ ಸೈಜ್ ಕೂಡ ಟ್ರೇಲರಿನವರನ್ನ ಕೇಳ್ಕೊಳಿ, ಕಪ್ಲರ್ ಮೇಲೆ ಅಚ್ಚಾಗಿರುತ್ತೆ. 50 ಎಂಎಂ ಕಪ್ಲರಿಗೆ ಅದಕ್ಕಿಂತ ಸಣ್ಣ ಬಾಲ್ ಹಾಕಿದ್ರೂ ಲಾಕ್ ಬಿದ್ದಂಗೇ ಕಾಣುತ್ತೆ, ದೊಡ್ಡ ಹಂಪಲ್ಲಿ ಎದ್ದು ಬರುತ್ತೆ. ಲಾಕ್ ಹಾಕಿದ್ಮೇಲೆ ಜಾಕಿ ವೀಲ್ (ಮೂತಿ ಹತ್ರ ಇರೋ ಸಣ್ಣ ಆಸರೆ ಚಕ್ರ) ತಿರುಗಿಸಿ ಮೇಲೆತ್ತಿ ನೋಡಿ, ಪಿಕಪ್ ಹಿಂಭಾಗ ಜೊತೆಗೇ ಎದ್ರೆ ಮಾತ್ರ ಸರಿಯಾಗಿ ಕಚ್ಚಿದೆ ಅಂತ. ಸೇಫ್ಟಿ ಚೈನ್ ಎರಡಿರ್ಲಿ, ಮೂತಿ ಕೆಳಗೆ ಕತ್ತರಿ ಥರ ಅಡ್ಡ ಹಾಕಿ, ಕಪ್ಲರ್ ಕಳಚಿದ್ರೆ ಮೂತಿ ರೋಡಿಗೆ ನಾಟದೆ ಚೈನ್ ಮೇಲೆ ಕೂರುತ್ತೆ.

ಊರು ಕುಡ್ಲ, ಈಗ ವಿಜಯನಗರ

ಮೇಲಿನವರು ಹೇಳಿದ್ದೆಲ್ಲ ಸರಿ ಉಂಟು, ಆದ್ರೆ ನೀವು ಮೊದಲು ನೋಡ್ಬೇಕಾದದ್ದು ಚಕ್ರ ಮಾರಾಯ್ರೆ. ಆ ಟ್ರೇಲರ್ ಸಮುದ್ರದ ಉಪ್ಪು ನೀರಿಗೆ ಇಳಿದು ಹತ್ತಿ ಮಾಡಿರ್ತದೆ. ಓಡಿ ಬಿಸಿಯಾದ ಹಬ್, ಅಂದ್ರೆ ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ, ಅದನ್ನ ಹಾಗೇ ನೀರಿಗೆ ಬಿಟ್ರೆ ಒಳಗಿನ ಗಾಳಿ ಕುಗ್ಗಿ ಸೀಲ್ ದಾಟಿ ನೀರು ಎಳ್ಕೊಳ್ತದೆ, ಆಮೇಲೆ ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿ ಬೇರಿಂಗ್ ತುಕ್ಕು ಹಿಡಿತದೆ. ಹೊರಗಿಂದ ನೋಡಿದ್ರೆ ಪೇಂಟ್ ಹೊಡೆದು ಹೊಸದರ ಹಾಗೆ ಇರ್ತದೆ. ಹಣ ಪೂರ್ತಿ ಕೊಡುವ ಮೊದಲು ಜಾಕ್ ಹಾಕಿ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಕರಕರ ಅಂದ್ರೆ ಅಥವಾ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ರೆ ಅಲ್ಲೇ ಎರಡೂ ಕಡೆ ಬೇರಿಂಗ್, ಸೀಲ್ ಹೊಸದು ಹಾಕ್ಸಿ. ಘಾಟಿಯಲ್ಲಿ ಹಬ್ ಜಾಮ್ ಆದ್ರೆ ಕೇಳೋರಿಲ್ಲ.

ಟೈರಿನ ಪಟ್ಟಿ ಸವೆದಿಲ್ಲ ಅಂತ ನೋಡಿ ಮೋಸ ಹೋಗ್ಬೇಡಿ. ಬೋಟ್ ಟ್ರೇಲರ್ ವರ್ಷಕ್ಕೆ ನಾಲ್ಕು ಸಲ ಓಡುವುದು, ಟೈರ್ ಸವೆಯುವುದಿಲ್ಲ, ಬಿಸಿಲಿಗೆ ಬಿರುಕು ಬಿಡ್ತದೆ. ಸೈಡಲ್ಲಿ ನಾಲ್ಕು ಅಂಕಿ ಉಂಟಲ್ಲ, 3218 ಅಂದ್ರೆ 2018ರ 32ನೇ ವಾರ. ಆರು ವರ್ಷ ದಾಟಿದ್ರೆ ಬದಲಾಯಿಸಿ. ಸ್ಟೆಪ್ನಿ ಬೇಕೇ ಬೇಕು, ಪಿಕಪ್ಪಿನದ್ದು ಅದಕ್ಕೆ ಕೂರುವುದಿಲ್ಲ.

ಬಿ.ಸಿ. ರೋಡ್, ಉಪ್ಪಿನಂಗಡಿ, ಗುಂಡ್ಯ, ಸಕಲೇಶಪುರ, ಎಲ್ಲಿ ಚಾಗೆ ನಿಂತ್ರೂ ಹಬ್ ಹತ್ರ ಕೈ ತನ್ನಿ. ಬೆಚ್ಚಗೆ ಇದ್ರೆ ತೊಂದರೆ ಇಲ್ಲ, ಕೈ ಇಡ್ಲಿಕ್ಕೆ ಆಗದಷ್ಟು ಸುಡ್ತಾ ಇದ್ರೆ ಮುಂದೆ ಹೋಗ್ಬೇಡಿ. ಬೋಟಿನ ಡ್ರೈನ್ ಪ್ಲಗ್ ತೆಗೆದಿಡಿ, ದಾರಿಯಲ್ಲಿ ಮಳೆ ಬಂದ್ರೆ ಒಳಗೆ ನೀರು ನಿಂತು ಭಾರ ಎಲ್ಲಾ ಹಿಂದಕ್ಕೆ ಹೋಗ್ತದೆ, ನೂರು ಲೀಟರ್ ಅಂದ್ರೆ ನೂರು ಕೆಜಿ. ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡಿ ತನ್ನಿ. ಮುಂದೆ ವಿಂಚ್ ಬೆಲ್ಟ್ ಒಂದೇ ನಂಬಬೇಡಿ, ಬೋಟಿನ ಮೂತಿಗೆ ಇನ್ನೊಂದು ಚೈನ್, ಹಿಂದೆ ಎರಡೂ ಮೂಲೆಗೆ ರ್ಯಾಚೆಟ್ ಬೆಲ್ಟ್.

ಮತ್ತೆ ಜೂನ್, ಜುಲೈಯಲ್ಲಿ ಬರುವ ಅಂದಾಜಿದ್ರೆ ಬಿಡಿ. ದೋಣಿಗಲ್, ದೊಡ್ಡತಪ್ಪಲೆ ಕಡೆ ಗುಡ್ಡ ಜಾರಿದ್ರೆ ರೋಡ್ ಬಂದ್, ಅಲ್ಲಿ ಟ್ರೇಲರ್ ಕಟ್ಕೊಂಡು ತಿರುಗಿಸ್ಲಿಕ್ಕೆ ಜಾಗ ಹುಡುಕುವ ಪಾಡು ಬೇಡ. ಚಾರ್ಮಾಡಿಯಂತೂ ನೆನೆಸ್ಲೇಬೇಡಿ.

ಕೋರಮಂಗಲ

ಒಂದ್ಸಲ ತರೋಕೆ ಇಷ್ಟೆಲ್ಲಾ ಯಾಕ್ ಗುರು? 17 ಅಡಿ ಕ್ಯಾಂಟರ್ ಲಾರಿ ಬಾಡಿಗೆಗೆ ಮಾಡಿ, ಬೋಟನ್ನ ಅದರ ಮೇಲೆ ಹಾಕ್ಕೊಂಡು ಬಾ.

ಪೀಣ್ಯ ಸೆಕೆಂಡ್ ಸ್ಟೇಜ್

ತರೋಕಷ್ಟೇ ಆದ್ರೆ ಇದು ಒಳ್ಳೆ ಐಡಿಯಾನೇ, ನಾನೂ ಒಪ್ತೀನಿ. ಬ್ರೇಕ್ ಇಲ್ಲದ ಟ್ರೇಲರ್, ಹೊಸ ಡ್ರೈವರ್, ಘಾಟಿ, ಮೂರೂ ಒಂದೇ ದಿನ ಬೇಡ. ಹತ್ತೋವಾಗ ಪರವಾಗಿಲ್ಲ, ಮುಂದೆ ಯಾವಾಗಾದ್ರೂ ಅದೇ ಘಾಟಿ ಇಳಿಸೋದಿದ್ರೆ ಮೇಲಿಂದ್ಲೇ ಸೆಕೆಂಡ್ ಅಥವಾ ಥರ್ಡ್ ಗೇರಿಗೆ ಹಾಕ್ಬಿಡಿ, ಟ್ರೇಲರ್ ತಳ್ಳೋಕೆ ಶುರು ಮಾಡಿದ್ಮೇಲೆ ಗೇರ್ ಹುಡುಕಿದ್ರೆ ಲೇಟು. ನನ್ನ ಕೇಳಿದ್ರೆ ಓವರ್‌ರನ್ ಬ್ರೇಕ್ ಇರೋ ಆಕ್ಸಲ್ ಹಾಕ್ಸಿ, ಖರ್ಚು ಇದೆ, ಆದ್ರೆ ಟ್ರೇಲರ್ ಮುಂದಕ್ಕೆ ಒತ್ತಿದಾಗ ಅದೇ ಬ್ರೇಕ್ ಹಿಡಿಯುತ್ತೆ, ಪಿಕಪ್ಪಿಂದ ವೈರೂ ಬೇಡ ಪೈಪೂ ಬೇಡ.

ಬಸವೇಶ್ವರನಗರ (ಇನ್ಶೂರೆನ್ಸ್ ಕೆಲಸದವಳು)

ಯಾರೂ ಪೇಪರ್ ಬಗ್ಗೆ ಮಾತಾಡಿಲ್ಲ ಅದಕ್ಕೆ ಬರೀತಿದೀನಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನನೇ, ಎಂಜಿನ್ ಇಲ್ಲ ಅಂತ ಬಿಟ್ಟಿಲ್ಲ. ಅದಕ್ಕೆ ಬೇರೆ ಆರ್‌ಸಿ ಇರ್ಬೇಕು. ಮಾರೋರ ಹತ್ರ ಆರ್‌ಸಿ ಇಲ್ಲ, "ಯಾರೂ ಕೇಳಲ್ಲ ಬಿಡಿ" ಅಂದ್ರೆ ಟ್ರೇಲರ್ ಅಲ್ಲೇ ಬಿಟ್ಟು ಬೋಟ್ ಮಾತ್ರ ತಗೊಳಿ. ಪೊಲೀಸ್ ಕೇಳದೇ ಇರಬಹುದು, ಆಕ್ಸಿಡೆಂಟ್ ಆದಾಗ ಕ್ಲೇಮಲ್ಲಿ ಅದೇ ಮೊದಲನೇ ಪ್ರಶ್ನೆ. ನಿಮ್ಮ ಪಿಕಪ್ ಪಾಲಿಸಿಯಲ್ಲಿ ಟ್ರೇಲರ್ ಸೇರಿದೆ ಅಂತ ಅಂದ್ಕೋಬೇಡಿ, ಅದನ್ನ ಸೇರಿಸಿ ಬರಹದಲ್ಲಿ ಕೊಡಿ ಅಂತ ಕೇಳಿ. ಬೋಟಿಗೂ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ, ಎಂಜಿನ್ ಇರೋದಕ್ಕೆ ರಿಜಿಸ್ಟ್ರೇಷನ್ ಬೇಕು. ಕೆಆರ್‌ಎಸ್ ಕಾವೇರಿ ನೀರಾವರಿ ನಿಗಮದ ಕೈಲಿದೆ, ಪರ್ಮಿಷನ್ ಕೇಳದೆ ಹಿನ್ನೀರಿಗೆ ಬೋಟ್ ಇಳಿಸಿ ಆಮೇಲೆ ಒದ್ದಾಡ್ಬೇಡಿ.

ಮೈಸೂರು ಎಕ್ಸ್‌ಪ್ರೆಸ್‌ವೇ ಬಗ್ಗೆ: 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್, ಮಲ್ಟಿ ಆಕ್ಸಲ್ ಹೈಡ್ರಾಲಿಕ್ ಟ್ರೇಲರ್ ಮೇನ್ ರೋಡಿಗೆ ಬಿಡಲ್ಲ. ನಿಮ್ಮದು ಆ ಲಿಸ್ಟಲ್ಲಿ ಬರಲ್ಲ, ಆದ್ರೂ ಟ್ರೇಲರ್ ಅಂತ ಕಂಡ ತಕ್ಷಣ ಕೈ ಅಡ್ಡ ಹಾಕೋರು ಇರ್ತಾರೆ, ಆರ್‌ಸಿ ಕೈಗೆ ಸಿಗೋ ಹಾಗೆ ಇಟ್ಕೊಳಿ.

ಕೇಳ್ತಿರೋದು: ಆರ್.ಟಿ. ನಗರದಿಂದ

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಆರ್‌ಸಿ ಕೇಳಿದೆ, ಇದೆಯಂತೆ, ಫೋಟೋ ಕಳಿಸ್ತೀನಿ ಅಂದಿದಾರೆ. ಬೋಟ್ ಕ್ಯಾಂಟರಲ್ಲೇ ತರಿಸ್ತೀನಿ. ಸಿಟಿ ಒಳಗೆ ಓಡಿಸೋದು, ರಿವರ್ಸ್, ಇದೆರಡು ಹೇಳಿ.

ಹೆಸರಘಟ್ಟ ರಸ್ತೆ

ಕುದುರೆ ಟ್ರೇಲರ್ ಎಳೀತೀನಿ ನಾನು, ಬೋಟ್ ಅಲ್ಲ, ಆದ್ರೆ ಸಿಟಿ ಒಂದೇ. ಬೆಂಗಳೂರಲ್ಲಿ ದೊಡ್ಡ ಅಪಾಯ ಯಾವುದು ಅಂದ್ರೆ ಸಿಗ್ನಲಲ್ಲಿ ಪಿಕಪ್ಪಿಗೂ ಟ್ರೇಲರಿಗೂ ಮಧ್ಯ ಇರೋ ಆ ಮೂರಡಿ ಸಂದಿಲಿ ಸ್ಕೂಟರ್ ತೂರಿಸ್ತಾರೆ, ನಡ್ಕೊಂಡು ಹೋಗೋರೂ ಮೂತಿ ಕಬ್ಬಿಣ ದಾಟ್ಕೊಂಡು ಹೋಗ್ತಾರೆ, ಗೊರಗುಂಟೆಪಾಳ್ಯದಲ್ಲಿ ಇದು ಮಾಮೂಲು. ಮೂತಿಗೆ ಎರಡೂ ಕಡೆ ರಿಫ್ಲೆಕ್ಟರ್ ಟೇಪ್ ಸುತ್ತಿ, ಮಧ್ಯ ಒಂದು ಕೆಂಪು ಬಟ್ಟೆ ಕಟ್ಟಿ, ಗ್ರೀನ್ ಬಿದ್ಮೇಲೂ ಎರಡೂ ಮಿರರ್ ನೋಡಿ ಒಂದು ಹಾರ್ನ್ ಹೊಡ್ದು ಮೆಲ್ಲಗೆ ಬಿಡಿ. ಲೆಫ್ಟ್ ತಿರುಗೋವಾಗ ಟ್ರೇಲರ್ ಚಕ್ರ ಒಳಗೆ ಕಟ್ ಆಗುತ್ತೆ, ಸ್ವಲ್ಪ ಮುಂದಕ್ಕೆ ಹೋಗಿ ತಿರುಗಿಸಿ, ಅಷ್ಟರಲ್ಲಿ ಆ ಜಾಗಕ್ಕೆ ಆಟೋ ಬಂದಿರುತ್ತೆ, ಅದು ಗ್ಯಾರಂಟಿ. ಹಂಪ್ ಕಂಡ್ರೆ ಪೂರ್ತಿ ನಿಲ್ಸಿ ದಾಟ್ಸಿ. ಜಾಕಿ ವೀಲ್ ಮೇಲೆ ಮಡಚಿ ಪಿನ್ ಹಾಕಿದೀರಾ ನೋಡಿ, ಇಲ್ಲಾಂದ್ರೆ ಮೊದಲನೇ ಹಂಪೇ ಅದನ್ನ ಕಿತ್ತು ಹಾಕುತ್ತೆ. ಬೆಳಗ್ಗೆ ನಾಲ್ಕೂವರೆಗೆ ಬಿಟ್ರೆ ಅರ್ಧ ತಲೆನೋವು ಇಲ್ಲ.

ಲೈಟ್ ವೈರಿಂಗ್ ಗಾಡಿ ಟೇಲ್ ಲ್ಯಾಂಪಿಂದ ಸೀದಾ ಕಚ್ಚಿಸ್ಬೇಡಿ, ಬೇರೆ ರಿಲೇ ಹಾಕ್ಸಿ. ನೀರಿಗೆ ಇಳಿಸೋ ಮುಂಚೆ ಟ್ರೇಲರ್ ಲೈಟಿನ ಪ್ಲಗ್ ಕಳಚಿ, ಹಬ್ ತಣ್ಣಗಾಗೋಕೆ ಅರ್ಧ ಗಂಟೆ ಕೊಡಿ.

ರಿವರ್ಸಿಗೆ ಕೆಂಪೇಗೌಡ ಲೇಔಟ್ ಹೋಗಿ, ಅಗಲ ರೋಡು, ಮನೆಗಳು ಕಮ್ಮಿ. ಬೋಟ್ ಇಳಿಸಿ ಖಾಲಿ ಟ್ರೇಲರಲ್ಲೇ ಶುರು ಮಾಡಿ. ಸ್ಟೇರಿಂಗನ್ನ ಕೆಳಗಡೆ ಒಂದು ಕೈಲಿ ಹಿಡ್ಕೊಳಿ, ಟ್ರೇಲರ್ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆಗೆ, ಅಷ್ಟೇ ಸೂತ್ರ. ಸ್ವಲ್ಪ ಸ್ವಲ್ಪ ತಿರುಗಿಸಿ, ಗಿಡ್ಡ ಟ್ರೇಲರ್ ಬೇಗ ಮಡಚ್ಕೊಳುತ್ತೆ, ಕೋನ ಜಾಸ್ತಿ ಆಯ್ತು ಅನ್ನಿಸಿದ್ರೆ ಇನ್ನೂ ತಿರುಗಿಸಿ ಸರಿಮಾಡೋಕೆ ಹೋಗ್ದೆ ಮುಂದಕ್ಕೆ ಎಳ್ಕೊಂಡು ನೇರ ಮಾಡಿ ಮತ್ತೆ ಬನ್ನಿ. ಹಿಂದೆ ಒಬ್ರನ್ನ ನಿಲ್ಸಿ, ಆದ್ರೆ ಅವರು ನಿಮ್ಮ ಮಿರರಲ್ಲಿ ಕಾಣೋ ಕಡೆ ನಿಂತಿರ್ಬೇಕು, "ಬರ್ಲಿ ಬರ್ಲಿ" ಅಂತ ಟ್ರೇಲರ್ ಹಿಂದೆ ನಿಂತು ಕೂಗೋರು ಬೇಡ.