ಸೇವೆಗಳ ರಫ್ತು: ಮಾರಿದವರದ್ದು ಒಂದು ಲೆಕ್ಕ, ಕೊಂಡವರದ್ದು ಇನ್ನೊಂದು. ಯಾವುದನ್ನು ನಂಬಲಿ?

ಪ್ರಶ್ನೆ: ಹೊಸಲೆಕ್ಕ

ಎಲ್ಲರಿಗೂ ನಮಸ್ಕಾರ. ಎಂ.ಎ. ಪ್ರಬಂಧಕ್ಕಾಗಿ ಒಂದು ಚಿಕ್ಕ ಅಭಿವೃದ್ಧಿಶೀಲ ದೇಶದ ಸೇವಾ ವ್ಯಾಪಾರದ ಅಂಕಿ ಜೋಡಿಸುತ್ತಿದ್ದೇನೆ. ಸರಕಿನ ಭಾಗ ಎರಡು ದಿನದಲ್ಲಿ ಮುಗಿಯಿತು. ಸೇವೆಗಳ ಹತ್ತಿರ ಬಂದು ಮೂರು ವಾರದಿಂದ ಕೂತಲ್ಲೇ ಕೂತಿದ್ದೇನೆ.

ಕಂಪ್ಯೂಟರ್ ಸೇವೆ ಇಷ್ಟು ಮಾರಿದೆವು ಎಂದು ಆ ದೇಶ ಹೇಳುತ್ತದೆ. ಕೊಂಡ ದೇಶದ ಆಮದು ಪಟ್ಟಿ ನೋಡಿದರೆ ಅದಕ್ಕೆ ಹತ್ತಿರವೂ ಇಲ್ಲ. ಅಲ್ಲಿ ಓದುತ್ತಿರುವ ಹೊರದೇಶದ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ, ಆದರೆ ಶಿಕ್ಷಣ ಸೇವೆಯ ಸಾಲು ಹೆಚ್ಚುಕಡಿಮೆ ಖಾಲಿ. ಯಾರೋ ಸುಳ್ಳು ಹೇಳುತ್ತಿದ್ದಾರಾ? ಎರಡರ ಸರಾಸರಿ ತೆಗೆದುಕೊಂಡರೆ ತಪ್ಪಾ?

ಉತ್ತರ: ಅಂಕಿಪ್ರಿಯ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಶ್ರೀಮಂತ ದೇಶದ ಅಂಕಿ ಹಾಕಿ, ಕೆಳಗೊಂದು ಅಡಿಟಿಪ್ಪಣಿ ಬರೆಯಿರಿ. ಗೈಡ್ ಏನೂ ಕೇಳಲ್ಲ.

ಉತ್ತರ: ಹಳೇಫಾರಂ

ಗೈಡ್ ಕೇಳದೇ ಇರಬಹುದು, ನಾನು ಕೇಳುತ್ತೇನೆ. ಹದಿನೇಳು ವರ್ಷ ಇದೇ ಲೆಕ್ಕ ಹಾಕುವ ಕೆಲಸದಲ್ಲಿದ್ದು ನಿವೃತ್ತನಾದವನು ನಾನು.

ಮೇಡಂ, ಯಾರೂ ಸುಳ್ಳು ಹೇಳುತ್ತಿಲ್ಲ. ಸರಕು ಬಂದರಿಗೆ ಬಂದೇ ಬರಬೇಕು, ಅಲ್ಲಿ ಕಸ್ಟಮ್ಸ್‌ನವರು ಫಾರಂ ಹಿಡಿದು ನಿಂತಿರುತ್ತಾರೆ. ಎಂಜಿನಿಯರ್ ಒಬ್ಬ ಮೇಲ್‌ನಲ್ಲಿ ಕಳಿಸಿದ ನಕ್ಷೆಗೆ ಯಾವ ಬಂದರು? ಹಾಗಾಗಿ ಎಷ್ಟೋ ಅಭಿವೃದ್ಧಿಶೀಲ ದೇಶಗಳು ನಕ್ಷೆಯನ್ನು ಬಿಟ್ಟು ದುಡ್ಡಿನ ಬೆನ್ನು ಹತ್ತಿದವು. ಹೊರಗಿನಿಂದ ಹಣ ಬಂದರೆ, ಯಾತಕ್ಕೆ ಬಂತು ಎಂದು ಬ್ಯಾಂಕಿನವರು ಒಂದು ಕೋಡ್ ಬರೆದು ಕೇಂದ್ರ ಬ್ಯಾಂಕಿಗೆ ಕಳಿಸುತ್ತಾರೆ. ಬಹಳ ಕಡೆ ಇದು ವಿದೇಶಿ ವಿನಿಮಯದ ಮೇಲೆ ಕಣ್ಣಿಡಲು ಶುರುವಾದ ಪದ್ಧತಿ. ಅಂಕಿಅಂಶಕ್ಕೆ ಬಳಸಿಕೊಂಡದ್ದು ಆಮೇಲೆ.

ಈ ಕೋಡಿನ ಕತೆ ಒಂದು ಹೇಳುತ್ತೇನೆ. ಒಂದು ತ್ರೈಮಾಸಿಕದಲ್ಲಿ ನಮ್ಮ ಕಾನೂನು ಸೇವೆಗಳ ರಫ್ತು ಇದ್ದಕ್ಕಿದ್ದಂತೆ ಏರಿತು. ವಕೀಲರು ಭಾರಿ ಮುಂದೆ ಬಂದರಪ್ಪ ಎಂದು ವರದಿಗೆ ಒಂದು ಪ್ಯಾರಾ ಬರೆದೂ ಆಯಿತು. ಆಮೇಲೆ ಯಾಕೋ ಅನುಮಾನ ಬಂದು ಬ್ಯಾಂಕ್ ಶಾಖೆಗೆ ಫೋನ್ ಮಾಡಿದೆ. ಅವರ ಹೊಸ ಸಾಫ್ಟ್‌ವೇರ್‌ನಲ್ಲಿ ಕೋಡುಗಳ ಪಟ್ಟಿ ತೆರೆದರೆ ಮೊದಲು ಕಾಣುತ್ತಿದ್ದದ್ದೇ ಕಾನೂನು ಸೇವೆ. ಕೌಂಟರಿನ ಮುಂದೆ ಜನ ಜಾಸ್ತಿ ಇದ್ದರು, ಗುಮಾಸ್ತ ಅದನ್ನೇ ಒತ್ತುತ್ತಿದ್ದ. ಪ್ಯಾರಾ ಹೊಡೆದು ಹಾಕಿದೆ.

ಕೋಡ್ ಸರಿಯಾಗಿದ್ದರೂ ದುಡ್ಡೇ ಪೂರ್ತಿ ಕಾಣುವುದಿಲ್ಲ. ಒಂದು ಕಂಪನಿಗೆ ಹೊರದೇಶದ ತನ್ನ ಮಾತೃಸಂಸ್ಥೆಯಿಂದ 100 ಬರಬೇಕು, ಅದೇ ಸಂಸ್ಥೆಗೆ 60 ಕೊಡಬೇಕು ಅಂದುಕೊಳ್ಳಿ. ಅವರು ವಜಾ ಮಾಡಿಕೊಂಡು 40 ಮಾತ್ರ ಕಳಿಸುತ್ತಾರೆ. ಬ್ಯಾಂಕಿಗೆ ಕಂಡದ್ದು 40ರ ರಫ್ತು. ನಿಜವಾಗಿ ಆದದ್ದು 100ರ ರಫ್ತು, 60ರ ಆಮದು. ಮನೆಯಲ್ಲೇ ಕೂತು ಹೊರದೇಶಕ್ಕೆ ಕೆಲಸ ಮಾಡಿಕೊಡುವವರ ಸಣ್ಣ ಸಣ್ಣ ಮೊತ್ತಗಳು ವರದಿ ಮಾಡಬೇಕಾದ ಮಿತಿಗಿಂತ ಕೆಳಗೇ ಉಳಿಯುತ್ತವೆ. ಕೊಂಡ ದೇಶ ಕಂಪನಿಗಳಿಗೇ ಪ್ರಶ್ನಾವಳಿ ಕಳಿಸಿ ಲೆಕ್ಕ ಹಾಕಿದ್ದರೆ ಎರಡೂ ತಾಳೆಯಾಗುವುದು ಹೇಗೆ?

ಇನ್ನು ನಿಮ್ಮ ವಿದ್ಯಾರ್ಥಿಗಳು. ದೇಶ ದೇಶಗಳ ನಡುವಿನ ವಹಿವಾಟನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಹೇಳುವ, ಐಎಂಎಫ್ 2009ರಲ್ಲಿ ತಂದ ಆರನೇ ಕೈಪಿಡಿ, ಅಂದರೆ ಬಿಪಿಎಂ6, ಸೇವೆಗಳನ್ನು 12 ಮುಖ್ಯ ಬಾಬತ್ತು ಮಾಡಿದೆ. ಹೊರದೇಶಕ್ಕೆ ಹೋಗಿ ಓದುವವರ ಫೀಸು, ಊಟ, ಬಾಡಿಗೆ ಎಲ್ಲ ಅದರಲ್ಲಿ 'ಪ್ರಯಾಣ' ಬಾಬತ್ತಿಗೆ ಹೋಗುತ್ತವೆ. ಒಬ್ಬ ಮನುಷ್ಯ ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಜಾಸ್ತಿ ನೆಲೆಸಿದರೆ ಸಾಮಾನ್ಯವಾಗಿ ಅಲ್ಲಿಯ ನಿವಾಸಿ. ವಿದ್ಯಾರ್ಥಿ ಮತ್ತು ಚಿಕಿತ್ಸೆಗೆ ಹೋದ ರೋಗಿ ಮಾತ್ರ ಎಷ್ಟು ವರ್ಷ ಇದ್ದರೂ ತಮ್ಮ ದೇಶದ ನಿವಾಸಿಗಳೇ, ಅದಕ್ಕೇ ಅವರ ಖರ್ಚು ಪ್ರಯಾಣದಲ್ಲಿ. ಪ್ರಯಾಣದ ಒಳಪಟ್ಟಿ ಸಿಕ್ಕರೆ ನಿಮ್ಮ ಶಿಕ್ಷಣ ಅಲ್ಲಿ ಕೂತಿರುತ್ತದೆ.

ಆ ದೇಶದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳು ಇವೆಯಾ? ಇದ್ದರೆ ಇನ್ನೊಂದು ಗುಂಡಿ. ಬಟ್ಟೆ ಹೊರದೇಶದ ಗಿರಾಕಿಯದ್ದು, ಇವರದ್ದು ಬರೀ ಹೊಲಿಗೆ. ಬಿಪಿಎಂ6 ಪ್ರಕಾರ ಹೊಲಿಗೆಯ ಮಜೂರಿ ಸೇವಾ ರಫ್ತು. ಹಳೆಯ ಬಿಪಿಎಂ5ರಲ್ಲಿ ಇಡೀ ಬಟ್ಟೆಯ ಬೆಲೆ ಸರಕಿನ ಲೆಕ್ಕದಲ್ಲಿತ್ತು. ಕಸ್ಟಮ್ಸ್‌ನವರಿಗೆ ಮಾತ್ರ ಇವತ್ತಿಗೂ ಕಾಣುವುದು ಇಡೀ ಬಟ್ಟೆ. ಕೈಪಿಡಿ ಬದಲಾದ ವರ್ಷ ಗ್ರಾಫ್ ಜಿಗಿದಿದ್ದರೆ ಅದನ್ನು ಪ್ರಗತಿ ಎಂದು ಬರೆದುಬಿಟ್ಟೀರಿ, ಜೋಕೆ.

ಉತ್ತರ: ಗಡಿಗಣತಿ

ಹಳೇಫಾರಂ ಸರ್ ಹೇಳಿದ್ದು ಸರಿ, ಆದರೆ ಪ್ರಶ್ನಾವಳಿಯನ್ನು ಅಷ್ಟು ನಂಬಬೇಡಿ. ನಾನು ಅದನ್ನು ಹಂಚಿದವಳು. ನಮಗೆ ಕೊಟ್ಟಿದ್ದ ಕಂಪನಿಗಳ ಪಟ್ಟಿಯಲ್ಲಿ ಬಾಗಿಲು ಮುಚ್ಚಿದವೇ ಎಷ್ಟೋ. ಹೊಸದಾಗಿ ಶುರುವಾದವು ಅದರಲ್ಲಿ ಇರಲೇ ಇಲ್ಲ. ರಫ್ತು ಬೆಳೆಯುತ್ತಿದ್ದದ್ದು ಆ ಹೊಸವುಗಳಲ್ಲೇ ಅಲ್ವಾ?

ಪ್ರವಾಸಿಗರ ಖರ್ಚೂ ಅಷ್ಟೇ. ಗಡಿಯಲ್ಲಿ ತಲೆ ಎಣಿಸಿ, ತಲೆಗೆ ಇಷ್ಟು ಖರ್ಚು ಎಂದು ಗುಣಿಸುತ್ತಾರೆ. ತಲೆ ಎಣಿಕೆ ಈ ತಿಂಗಳದ್ದು. ತಲೆಖರ್ಚು ಯಾವುದೋ ಕಾಲದ ಸರ್ವೆಯದ್ದು, ಅದಕ್ಕೆ ಬೆಲೆ ಏರಿಕೆ ಸೇರಿಸಿ ಓಡಿಸುತ್ತಿರುತ್ತಾರೆ. ಸಾಗಣೆ ವೆಚ್ಚವನ್ನು ಆಮದು ಬೆಲೆಯ ಶೇ. 10 ಎಂದು ಹಿಡಿದು, ಹಡಗಿನ ಬಾಡಿಗೆ ಏರಲಿ ಇಳಿಯಲಿ ಅದನ್ನೇ ಮುಂದುವರಿಸುವವರನ್ನೂ ಕಂಡಿದ್ದೇನೆ.

ಪ್ರಶ್ನೆ ಕೇಳಿದವರು: ಹೊಸಲೆಕ್ಕ

ಇಬ್ಬರಿಗೂ ಥ್ಯಾಂಕ್ಸ್. ಪ್ರಯಾಣದ ಒಳಪಟ್ಟಿಯಲ್ಲಿ ಶಿಕ್ಷಣ ಸಿಕ್ಕಿತು! ಇನ್ನೊಂದು ಅನುಮಾನ. ಸೇವೆ ನಾಲ್ಕು ವಿಧದಲ್ಲಿ ನಡೆಯುತ್ತದೆ ಎಂದು ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಸೇವಾ ವ್ಯಾಪಾರದ ಒಪ್ಪಂದ, ಅಂದರೆ ಗ್ಯಾಟ್ಸ್, ಹೇಳುತ್ತದೆ. ಈ ಅಂಕಿಯನ್ನು ನಾಲ್ಕು ಪಾಲು ಮಾಡಬಹುದಾ?

ಉತ್ತರ: ಹಳೇಫಾರಂ

ಆಗುವುದಿಲ್ಲ. ಮೂರನೇ ವಿಧ, ಅಂದರೆ ಹೊರದೇಶದ ಬ್ಯಾಂಕೋ ಫೋನ್ ಕಂಪನಿಯೋ ಇಲ್ಲೇ ಅಂಗಸಂಸ್ಥೆ ತೆರೆದು ಇಲ್ಲಿಯವರಿಗೇ ಮಾರುವುದು, ನೀವು ಹಿಡಿದಿರುವ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆ ಅಂಗಸಂಸ್ಥೆ ಇಲ್ಲಿಯ ನಿವಾಸಿ, ಗಿರಾಕಿಯೂ ಇಲ್ಲಿಯವನು. ಅದಕ್ಕೆ ವಿದೇಶಿ ಅಂಗಸಂಸ್ಥೆಗಳ ಅಂಕಿ ಬೇರೆಯೇ ಬೇಕು, ಬಹಳ ದೇಶಗಳು ಅದನ್ನು ಕಲೆಹಾಕುವುದೇ ಇಲ್ಲ. ಡಬ್ಲ್ಯುಟಿಒ ಅಂದಾಜಿನಲ್ಲಿ 2017ರ ಜಾಗತಿಕ ಸೇವಾ ವ್ಯಾಪಾರದ ಅರ್ಧಕ್ಕಿಂತ ಜಾಸ್ತಿ ಈ ವಿಧದ್ದೇ.

ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣವನ್ನೂ ಸೇವಾ ರಫ್ತಿಗೆ ಸೇರಿಸಬೇಡಿ. ಅಲ್ಲಿ ನೆಲೆಸಿದವರದ್ದು ವರ್ಗಾವಣೆ, ಅಂದರೆ ಬದಲಿಗೆ ಏನೂ ಪಡೆಯದೆ ಕೊಟ್ಟ ಹಣ. ಕೆಲವೇ ತಿಂಗಳು ಅಲ್ಲಿಯ ಮಾಲೀಕನ ಕೈಕೆಳಗೆ ದುಡಿದವರದ್ದು ನೌಕರರ ಸಂಬಳ, ಅದಕ್ಕೂ ಬೇರೆ ಸಾಲಿದೆ. ತನ್ನದೇ ಗುತ್ತಿಗೆ ಹಿಡಿದು ಹೋಗಿ ಕೆಲಸ ಮುಗಿಸಿ ಬಂದವನದ್ದು ಮಾತ್ರ ಸೇವೆ.

ಸರಾಸರಿ ಬೇಡ. ಮಾರಿದವರದ್ದು, ಕೊಂಡವರದ್ದು ಎರಡು ಕಾಲಂ ಮಾಡಿ. ಎರಡನ್ನೂ ಹೊಂದಿಸಿದ ಅಂಕಿ ಬೇಕೇ ಬೇಕು ಅಂದರೆ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ಮತ್ತು ಡಬ್ಲ್ಯುಟಿಒ ಸೇರಿ ಮಾಡಿದ ಬ್ಯಾಟಿಸ್ ಎಂಬ ದತ್ತಾಂಶ ಇದೆ, ಅದನ್ನು ಮೂರನೇ ಕಾಲಂಗೆ ಹಾಕಿ. ಅದರಲ್ಲಿ ಅಂದಾಜಿನಿಂದ ತುಂಬಿದ ಅಂಕಿಗಳೂ ಇರುತ್ತವೆ, ಅವಕ್ಕೆ ಒಂದು ಚುಕ್ಕಿ ಇಡಿ. ಮತ್ತೆ ಆ ಕೇಂದ್ರ ಬ್ಯಾಂಕಿಗೆ ಒಂದು ಮೇಲ್ ಹಾಕಿ, ಬ್ಯಾಂಕುಗಳ ವರದಿಯ ಮಿತಿ ಎಷ್ಟು, ಕೊನೆಯ ಸಲ ಯಾವ ವರ್ಷ ಬದಲಾಯಿತು ಎಂದು ಕೇಳಿ. ನಮಗೆ ಇಂಥ ಮೇಲ್ ಬಂದರೆ ಖುಷಿಯಾಗುತ್ತಿತ್ತು, ಯಾರೂ ಬರೆಯುತ್ತಿರಲಿಲ್ಲ.