‘ಟಿಕ್’ ಎಂದು ನಿಲ್ಲುವ ಬೇಕರಿ ಕೂಲರ್: ಮತ್ತೆ ಗ್ಯಾಸ್ ತುಂಬಿಸಬೇಕೆ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಬೇಕರಿ. ಕೇಕು, ಕ್ರೀಮ್ ಬನ್ನು ಇಡುವ ಗಾಜಿನ ಬಾಗಿಲಿನ 300 ಲೀಟರ್ ಕೂಲರ್ ಹದಿನೈದು ದಿನಗಳಿಂದ ಕೈಕೊಡುತ್ತಿದೆ. ಒಳಗೆ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ. ಆದರೆ ಹಿಂದಿನಿಂದ ‘ಗುಂ’ ಎಂಬ ಸದ್ದು ಎದ್ದು, ಹತ್ತು ಸೆಕೆಂಡಿನೊಳಗೆ ‘ಟಿಕ್’ ಎಂದು ಅಡಗಿಹೋಗುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ಇದೇ ಪಾಡು. ಬೆಳಗಿನ ಹೊತ್ತು ಹೇಗೋ ನಡೆಯುತ್ತದೆ, ಸಂಜೆ ಮಾತ್ರ ಈ ಕಾಟ. ನಾಲ್ಕು ತಿಂಗಳ ಹಿಂದಷ್ಟೇ ಗ್ಯಾಸ್ ತುಂಬಿಸಿದ್ದೆ. ಈಗ ನೋಡಿದ ಮೆಕ್ಯಾನಿಕ್ ಮತ್ತೆ ಗ್ಯಾಸ್ ಖಾಲಿ ಎನ್ನುತ್ತಿದ್ದಾರೆ. ತುಂಬಿಸಲೇ?

ಉತ್ತರ: ಈಗಲೇ ಬೇಡ. ಗ್ಯಾಸ್ ಎಂಬುದು ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ವರ್ಷಾನುಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ ಜಾಗ ಹುಡುಕಿ ಮುಚ್ಚದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ನಾಲ್ಕು ತಿಂಗಳಲ್ಲಿ ಎರಡು ಸಲ ಒಬ್ಬ ಅಂಗಡಿಯವರ ದುಡಿಮೆಯನ್ನು ಹೀಗೆ ಸೋರಿಸುವುದು ನನಗೆ ಒಪ್ಪಿಗೆಯಾಗದು.

ನಿಮ್ಮ ಲಕ್ಷಣವೇ ಬೇರೆ. ಗ್ಯಾಸ್ ಕಡಿಮೆಯಾದ ಯಂತ್ರ ಸಾಮಾನ್ಯವಾಗಿ ನಿಲ್ಲದೆ ಓಡುತ್ತದೆ, ತಂಪು ಮಾತ್ರ ಏರುವುದಿಲ್ಲ. ಒಳಗಿನ ಕಾಯಿಲ್‌ನ ಮೊದಲ ಒಂದೆರಡು ಸುತ್ತಿಗಷ್ಟೇ ಹಿಮ ಕಟ್ಟುತ್ತದೆ. ನಿಮ್ಮದು ಓಡುತ್ತಲೇ ಇಲ್ಲ. ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರು, ಅಂದರೆ ಕಂಪ್ರೆಸರ್, ಏಳಲು ಹೆಣಗುತ್ತಿದೆ, ಏಳಲಾಗದೆ ಕರೆಂಟು ಎಳೆದು ಬಿಸಿಯಾಗುತ್ತಿದೆ, ಆಗ ಓವರ್‌ಲೋಡ್ ಬಿಲ್ಲೆ ‘ಟಿಕ್’ ಎಂದು ಕಡಿದು ಅದನ್ನು ಉಳಿಸುತ್ತಿದೆ. ಕಾರಣ ಮೂರರಲ್ಲಿ ಒಂದಿರಬಹುದು: ವೋಲ್ಟೇಜ್ ಸಾಲದು, ಅದು ಏಳಲು ನೆರವಾಗುವ ಸ್ಟಾರ್ಟ್ ರಿಲೇ ಅಥವಾ ಕೆಪಾಸಿಟರ್ ಸತ್ತಿದೆ, ಇಲ್ಲವೇ ಕಂಪ್ರೆಸರೇ ಕಚ್ಚಿಕೊಂಡಿದೆ. ಸಂಜೆ ಮಾತ್ರ ಎನ್ನುತ್ತೀರಲ್ಲ, ನನ್ನ ಕಣ್ಣು ಮೊದಲನೆಯದರ ಮೇಲಿದೆ. ಗೊತ್ತಿರುವ ಎಲೆಕ್ಟ್ರಿಷಿಯನ್‌ನಿಂದ ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ಅಳೆಸಿ. ಸುಮ್ಮನಿರುವಾಗ ಎಷ್ಟು, ‘ಗುಂ’ ಎನ್ನುವ ಕ್ಷಣದಲ್ಲಿ ಎಷ್ಟು, ಎರಡೂ ಬೇಕು. ಎರಡನೆಯದನ್ನು ಯಾರೂ ನೋಡುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಅಳೆಸಿದೆ. ಸುಮ್ಮನಿರುವಾಗ 214, ‘ಗುಂ’ ಎಂದಾಗ 162! ಸ್ಟೆಬಿಲೈಸರ್ ಕೊಳ್ಳಲೇ?

ಉತ್ತರ: ತಡೆಯಿರಿ. ಒಂದು ಸಣ್ಣ ಕಂಪ್ರೆಸರ್ 50 ವೋಲ್ಟ್ ಕೆಳಗೆಳೆಯುತ್ತದೆಂದರೆ ದಾರಿಯಲ್ಲಿ ಎಲ್ಲೋ ಕೊಂಡಿ ಸಡಿಲವಾಗಿದೆ, ಇಲ್ಲವೇ ತಂತಿ ತೀರಾ ತೆಳ್ಳಗಿದೆ. ಮೋಟಾರಿನ ಎತ್ತುವ ಬಲ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 162 ಸಿಕ್ಕರೆ ಬಲ ಅರ್ಧಕ್ಕೆ ಬಂತು. ಸುಟ್ಟ ಕೊಂಡಿಯ ಮುಂದೆ ಸ್ಟೆಬಿಲೈಸರ್ ಇಟ್ಟರೆ ಅದು ಅದೇ ಕೊಂಡಿಯಿಂದ ಇನ್ನಷ್ಟು ಕರೆಂಟು ಎಳೆಯುತ್ತದೆ; ಬೆಂಕಿಗೆ ದಾರಿ. ಮೇನ್ ಇಳಿಸಿ, ಪ್ಲಗ್ ಕಿತ್ತು, ಅದರ ಪಿನ್ನುಗಳನ್ನು ನೋಡಿ.

ಪ್ರಶ್ನೆ ಕೇಳಿದವರು: ಒಂದು ಪಿನ್ನು ಕಂದು ಬಣ್ಣಕ್ಕೆ ತಿರುಗಿದೆ. ಸಾಕೆಟ್ ಬಿಚ್ಚಿದರೆ ಒಳಗಿನ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಕರಗಿ ಗಟ್ಟಿಯಾಗಿದೆ. ಅದೇ ಸಾಕೆಟ್ಟಿಗೆ ಸಂಜೆ ಪಫ್ಸ್ ಬಿಸಿ ಮಾಡುವ ಓವನ್ನಿನ ತಂತಿಯನ್ನೂ ಸಿಕ್ಕಿಸಿದ್ದೆವು.

ಉತ್ತರ: ಸಿಕ್ಕಿತು. 16 ಆಂಪಿಯರ್‌ನ ಹೊಸ ಸಾಕೆಟ್, ಹೊಸ ಪ್ಲಗ್, ಕೂಲರಿಗೇ ಮೀಸಲಾದ 2.5 ಚದರ ಮಿಲಿಮೀಟರ್ ತಾಮ್ರದ ತಂತಿ, ಸರಿಯಾದ ಅರ್ಥಿಂಗ್ ಹಾಕಿಸಿ. ಓವನ್ನಿಗೆ ಬೇರೆಯೇ ಲೈನು. ಕೆಲಸದ ನಡುವೆ ಕೂಲರಿನ ಕೆಳಗಿನ ಜಾಲರಿಯನ್ನೂ ತೆಗೆಯಿರಿ. ಬೇಕರಿಯಲ್ಲಿ ಮೈದಾ ಹಾರಿ, ಎಣ್ಣೆಯ ಜಿಡ್ಡಿಗೆ ಅಂಟಿ, ಬಿಸಿಯನ್ನು ಹೊರಬಿಡುವ ಕಂಡೆನ್ಸರ್ ಮೇಲೆ ಕಂಬಳಿ ಹೊದೆಸಿದಂತಾಗಿರುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ಕಂಪ್ರೆಸರ್ ಏಳುತ್ತದೆ, ಆದರೆ ಸ್ವಲ್ಪ ಹೊತ್ತು ಓಡಿ ಕಾದು ನಿಲ್ಲುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಕಂಡೆನ್ಸರಿನ ತೆಳು ಲೋಹದ ರೆಕ್ಕೆಗಳ ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಅವು ಮಡಚಿಕೊಳ್ಳುತ್ತವೆ.

ಮತ್ತೊಬ್ಬರು: ವೋಲ್ಟೇಜ್ ಸರಿಯಿದ್ದೂ ಏಳದಿದ್ದರೆ?

ಉತ್ತರ: ಆಗ ರಿಲೇ, ಕೆಪಾಸಿಟರ್ ಪರೀಕ್ಷೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು, ಬರಿಗೈ ಹಾಕಬಾರದು, ಕಲಿತವರೇ ಮಾಡಲಿ. ಅವೆರಡನ್ನೂ ಬಿಡಿಸಿದ ಮೇಲೆ ಕಂಪ್ರೆಸರಿನ ಮೂರು ಪಿನ್ನುಗಳ ನಡುವೆ ವಿದ್ಯುತ್ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುತ್ತಾರೆ. ಎರಡು ಚಿಕ್ಕ ಅಳತೆಗಳನ್ನು ಕೂಡಿದರೆ ದೊಡ್ಡದು ಬರಬೇಕು, ಉದಾಹರಣೆಗೆ 11, 18, 29. ಯಾವುದೇ ಪಿನ್ನಿನಿಂದ ಹೊರಕವಚಕ್ಕೆ ಸಂಪರ್ಕ ತೋರಿಸಿದರೆ ಆ ಕಂಪ್ರೆಸರ್ ಮುಗಿಯಿತು. ಇನ್ನೊಂದು: ಕರೆಂಟು ಹೋಗಿ ತಕ್ಷಣ ಬಂದಾಗಲೂ ಒಂದೆರಡು ಸಲ ‘ಟಿಕ್’ ಎನ್ನುವುದುಂಟು. ಒಳಗಿನ ಒತ್ತಡ ಎರಡೂ ಕಡೆ ಸಮವಾಗಲು ನಾಲ್ಕೈದು ನಿಮಿಷ ಬೇಕು. ಅದು ದೋಷವಲ್ಲ.

ಪ್ರಶ್ನೆ ಕೇಳಿದವರು: ಹೊಸ ಲೈನು ಎಳೆಸಿದೆವು. ಈಗ ಏಳುವಾಗಲೂ 205ಕ್ಕಿಂತ ಇಳಿಯುತ್ತಿಲ್ಲ. ಕಂಡೆನ್ಸರಿನಿಂದ ಒಂದು ಮೊರ ಧೂಳು ಬಂತು. ನಿನ್ನೆ ರಾತ್ರಿ ಒಳಗೆ 4 ಡಿಗ್ರಿ ಇತ್ತು. ಗ್ಯಾಸ್ ಮುಟ್ಟಲೇ ಇಲ್ಲ.

ಉತ್ತರ: ಬಹಳ ಸಂತೋಷವಾಯಿತು. ಮುಂದೆಂದಾದರೂ ನಿಜವಾಗಿಯೇ ಗ್ಯಾಸ್ ಬೇಕಾದರೆ ಹಿಂಬದಿಯ ಫಲಕ ಓದಿಸಿ, ಅಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕಲಿ. ಫಲಕದಲ್ಲಿ ಆರ್-290 ಎಂದಿದ್ದರೆ ಅದು ಪ್ರೊಪೇನ್, ಹೊತ್ತಿಕೊಳ್ಳುವ ಅನಿಲ. ನಿಮ್ಮ ಓವನ್ನಿನ ಪಕ್ಕದಲ್ಲಿ ಯಾರಿಗೂ ಬೆಸುಗೆ ಹಾಕಲು ಬಿಡಬೇಡಿ.